ಜೊಂಡಿನೊಳಗಿನ ನೀರು

ಬೆಳಗಾದರೆ ಆ ಕೇರಿಯಲ್ಲಿ ಯಾರ ಮನೆ ಮುಂದೆ ನಿಂತರೂ ಅದೇ ನೋಟ. ಹೆಂಗಸರು ಗಾಜಿನ ಸೀಸೆಯಲ್ಲಿ ಕೆರೆಯ ನೀರು ಹಿಡಿದು, ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನೀರಿನಲ್ಲಿ ಚುಕ್ಕಿಯಂಥವು ಪುಟಪುಟನೆ ಹಾರಾಡಿದರೆ ಆ ದಿನದ ಕೊಡ ಅಲ್ಲೇ ತುಂಬಿಕೊಳ್ಳುತ್ತಿದ್ದರು. ಹಾರಾಡದಿದ್ದರೆ ಮೂಗು ಮುರಿದು, ಏರು ಹತ್ತಿ ದೊಡ್ಡ ರಸ್ತೆಯ ನಲ್ಲಿಗೆ ಹೋಗುತ್ತಿದ್ದರು. ಆ ನಲ್ಲಿಯೋ, ಅದರ ಮರ್ಜಿ. ಬಂದರೆ ಬಂತು, ಇಲ್ಲದಿದ್ದರೆ ಖಾಲಿ ಕೊಡದ ಜೊತೆ ಬೈಗುಳ ಹೊತ್ತುಕೊಂಡು ವಾಪಸು ಬರಬೇಕು.

ಸೀಸೆ ನೋಡುವ ಈ ಅಭ್ಯಾಸವನ್ನು ಕೇರಿಗೆ ಕಲಿಸಿದವಳು ಲ್ಯಾಬಮ್ಮ. ಕೆರೆಯ ಏರಿಯ ಮೇಲಿರುವ ನೀರು ಪರೀಕ್ಷೆಯ ಕಚೇರಿಯಲ್ಲಿ ಅವಳಿಗೆ ಕೆಲಸ. ಅವಳ ಅಕ್ಕ ಈ ಕೇರಿಯ ಕೊನೆಯ ಮನೆಯಲ್ಲಿದ್ದಳು. ಅಕ್ಕನ ಮನೆಗೆ ಬಂದುಹೋಗುವಾಗ ಯಾರೋ ಒಬ್ಬರು ನೀರು ತೋರಿಸಿ ಕೇಳಿದ್ದರು. ಆಗ ಇವಳು, "ಇದರಲ್ಲಿ ಓಡಾಡ್ತಿರೋದು ಹುಳ ಅಲ್ಲ. ಸೀಗಡಿ, ಏಡಿ ಇದಾವಲ್ಲ, ಅವುಗಳ ನೆಂಟರು. ಬಹಳ ನಾಜೂಕು. ನೀರು ಕೆಟ್ಟರೆ ಮೊದಲು ಸಾಯೋದು ಇವೇ. ಇವು ಆಡ್ತಾ ಇವೆ ಅಂದ್ರೆ ನೀರು ಪರವಾಗಿಲ್ಲ ಅಂತ ಅರ್ಥ," ಎಂದಿದ್ದಳು. ಹೇಳುವಾಗ ಅದು ಬರಿಯ ಮಾತು. ಕೇರಿ ಅದನ್ನು ಗಂಟು ಕಟ್ಟಿಕೊಂಡಿತು. ಓದಿದವಳು, ಅದೇ ಕೆಲಸದವಳು, ಅದಕ್ಕೂ ಮೇಲೆ ನಮ್ಮ ಕೇರಿಯವಳ ತಂಗಿ, ಅಂಥವಳು ಹೇಳಿದ ಮೇಲೆ ಅದು ಸುಳ್ಳಾಗುವುದುಂಟೆ?

ಆ ದಿನ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ತಲೆ ಹಾಕಿದಾಗ ಅಕ್ಕ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ತಂತಿಗೆ ಹರವುತ್ತಿದ್ದಳು. ಊರಿನ ಎರಡು ಆಸ್ಪತ್ರೆಗಳ ಬಟ್ಟೆ ಒಗೆಯುವುದು ಅವಳ ಕಸುಬು. ಭಾವ ಕೆರೆಯ ಆಚೆ ದಡದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದ. ಅಕ್ಕನ ಮಗಳು ಪುಟ್ಟಿ ಬಾಗಿಲ ಬಳಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಳು. ಲಾರಿ ಓಡಿಸುವ ಅವಳ ಗಂಡ ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುತ್ತಿದ್ದುದರಿಂದ ಅವಳು ತಾಯಿಯ ಮನೆಯಲ್ಲೇ ಇದ್ದಳು. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಎದೆಹಾಲು ಬತ್ತಿ, ಡಬ್ಬಿ ಹಾಲಿನ ಪುಡಿಗೆ ಇಳಿಸಿದ್ದರು.

"ಬಂದಳಪ್ಪಾ ನಮ್ಮ ಲ್ಯಾಬಮ್ಮ. ನೋಡೇ ಸ್ವಲ್ಪ, ನಿನ್ನ ನೆಂಟರೆಲ್ಲ ಕ್ಷೇಮವಾ?" ಎಂದು ಅಕ್ಕ ಸೀಸೆ ಚಾಚಿದಳು.

ಲ್ಯಾಬಮ್ಮ ಸೀಸೆಯನ್ನು ಬಿಸಿಲಿಗೆ ಹಿಡಿದಳು. ಗಾಜಿನಂತೆ ಪಾರದರ್ಶಕವಾದ ಪುಟ್ಟ ಜೀವಿಗಳು ಉದ್ದುದ್ದ ಮೀಸೆ ಬೀಸುತ್ತ ಜಿಗಿಯುತ್ತಿದ್ದವು. "ಜಾತ್ರೆ ಸೇರಿದಾವೆ," ಎಂದು ನಕ್ಕಳು. "ತಗೋ, ತುಂಬಿಸ್ಕೋ." ಕೂಸಿನ ಕೆನ್ನೆ ತಟ್ಟಿ, ಪುಟ್ಟಿಗೆ "ನಿದ್ದೆ ಮಾಡೇ ಸ್ವಲ್ಪ, ಕಣ್ಣು ನೋಡು ಹೇಗಾಗಿದೆ," ಎಂದು ಗದರಿಸಿ, ಹೊತ್ತಾಯಿತೆಂದು ಓಡಿದಳು.

ಅವಳ ಕಚೇರಿಯಲ್ಲಿ ಕೆರೆಯ ನೀರು ತೆಗೆಯುವುದಕ್ಕೆ ಒಂದು ಪದ್ಧತಿಯಿತ್ತು. ದೋಣಿ ನೇರವಾಗಿ ಕೆರೆಯ ನಡುವಿಗೆ ಹೋಗಬೇಕು, ಅಲ್ಲಿ ಬಲೆ ಇಳಿಸಬೇಕು, ಸೀಸೆ ತುಂಬಬೇಕು, ಸೀಸೆಯ ಮೇಲೆ 'ಕೆರೆ' ಎಂದು ಬರೆದ ಚೀಟಿ ಅಂಟಿಸಬೇಕು. ಪಟ್ಟಣಕ್ಕೆ ಹೋಗುವ ಪೈಪಿನ ಬಾಯಿ ಅಲ್ಲೇ ಇದ್ದುದು ಒಂದು ಕಾರಣ. ದಡದ ಜೊಂಡಿನಲ್ಲಿ ಬಲೆ ಹರಿಯುತ್ತದೆ, ದೋಣಿಯ ಹುಟ್ಟಿಗೆ ಗಿಡ ಸುತ್ತಿಕೊಳ್ಳುತ್ತದೆ, ಮೊಣಕಾಲುದ್ದ ಕೆಸರು, ಇದು ಇನ್ನೊಂದು ಕಾರಣ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎರಡನೆಯದೇ ದೊಡ್ಡ ಕಾರಣ. ಮೇಲಧಿಕಾರಿಗಳು ಸಹಿ ಹಾಕುವ ಮೊದಲು ಪ್ರತಿ ಸಲವೂ "ನಡುನೀರೇ ತಾನೆ?" ಎಂದು ಕೇಳುತ್ತಿದ್ದರು. ಅದಕ್ಕೇ ದೋಣಿಯವನು ಅವರಿಗೆ ನಡುನೀರು ಸಾಹೇಬರು ಎಂದು ಹೆಸರಿಟ್ಟಿದ್ದ.

ನಡುನೀರು ಒಂದೇ ಕೆರೆಯಲ್ಲ ಎಂಬುದು ಲ್ಯಾಬಮ್ಮನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕಾಲೇಜಿನಲ್ಲಿ ಓದಿದ್ದಳು. ನಡುನೀರಿನಲ್ಲಿ ಬದುಕುವವು ಮೀನಿನ ಕಣ್ಣಿಗೆ ಬೀಳದಂತೆ ಪಾರದರ್ಶಕವಾಗಿರುತ್ತವೆ, ಸದಾ ಈಜುತ್ತಲೇ ಇರುತ್ತವೆ. ಜೊಂಡಿನ ಬುಡದಲ್ಲಿ ಬದುಕುವವು ಗುಂಡಗೆ, ಕಂದು ಬಣ್ಣಕ್ಕಿರುತ್ತವೆ, ಎಲೆಗೆ ಅಂಟಿಕೊಂಡು ಲೋಳೆ ಕೆರೆದು ತಿನ್ನುತ್ತವೆ. ಇನ್ನು ಕೆಲವು ಕೆಸರಿನಲ್ಲೇ ತೆವಳುತ್ತವೆ. ಇದ್ದ ಮನೆ ಬಿಟ್ಟು ಇನ್ನೊಂದಕ್ಕೆ ಹೋದರೆ ಯಾವುದಕ್ಕೂ ಉಳಿಗಾಲವಿಲ್ಲ. ಓದಿದ್ದೆಲ್ಲ ತಲೆಯ ಒಂದು ಮೂಲೆಯಲ್ಲಿತ್ತು. ಕೈ ಮಾತ್ರ ವರ್ಷಗಳಿಂದ ನಡುನೀರಿಗೇ ಒಗ್ಗಿಹೋಗಿತ್ತು. ಸಂಬಳ ಬರುವ ಕೆಲಸಕ್ಕೆ ಅಷ್ಟು ಸಾಕಾಗಿತ್ತು ಕೂಡ.

ಆಮೇಲೆ ಕೆಲವೇ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಭಾವ ಕಚೇರಿಗೆ ಓಡಿಬಂದ. ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ ಹಾಗೇ ಇತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತ.

"ಕೂಸು... ಬಣ್ಣ ತಿರುಗಿದೆ ಕಣಮ್ಮ. ಬಾ ಬೇಗ."

ಆಸ್ಪತ್ರೆಯ ಬೆಂಚಿನ ಮೇಲೆ ಪುಟ್ಟಿ ಕೂಸಿನ ಟೋಪಿ ಹಿಡಿದು ಕುಳಿತಿದ್ದಳು. ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ ಕೂಸಿನ ತುಟಿ, ಉಗುರು, ಕಿವಿಯ ಅಂಚು ಎಲ್ಲ ಬೂದಿ ಬೆರೆತ ನೀಲಿ. ಅಳಲೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಸೂಜಿಯಿಂದ ತೆಗೆದ ರಕ್ತ ಕೆಂಪಗಿರಲಿಲ್ಲ, ಕಂದು ಬಣ್ಣಕ್ಕಿತ್ತು. ಡಾಕ್ಟರಮ್ಮ ಹೊರಗೆ ಬಂದು ಕೇಳಿದಳು:

"ಮಗುವಿಗೆ ಏನು ಕೊಡ್ತಿದ್ರಿ?"

"ಡಬ್ಬಿ ಹಾಲು."

"ನೀರು ಎಲ್ಲಿಯದು?"

"ಕೆರೇದು. ಆದ್ರೆ ಹಾಗೇ ಕೊಟ್ಟಿಲ್ಲ ಡಾಕ್ಟ್ರೇ," ಎಂದಳು ಪುಟ್ಟಿ, ಎದ್ದು ನಿಂತು. "ಬಟ್ಟೇಲಿ ಸೋಸಿ, ಕುದಿಸಿ ಕುದಿಸಿ ಕೊಡ್ತಿದ್ದೆ. ಪಾತ್ರೆ ನೀರು ಅರ್ಧಕ್ಕೆ ಇಳಿಯೋ ತನಕ ಕುದಿಸ್ತಿದ್ದೆ. ಅಮ್ಮನ್ನ ಬೇಕಾದ್ರೆ ಕೇಳಿ."

ಡಾಕ್ಟರಮ್ಮ ಅವಳ ಮುಖವನ್ನೇ ಒಂದು ಕ್ಷಣ ನೋಡಿದಳು. ಏನೋ ಹೇಳಲು ಹೊರಟವಳು ಹೇಳದೆ, "ಔಷಧ ಕೊಟ್ಟಿದೀವಿ. ನೋಡೋಣ," ಎಂದಷ್ಟೇ ಹೇಳಿ ಒಳಗೆ ಹೋದಳು. ಔಷಧ ನಾಟುವಷ್ಟು ಹೊತ್ತು ಕೂಸಿಗೆ ಉಳಿದಿರಲಿಲ್ಲ. ಸಂಜೆಯೊಳಗೆ ಅದನ್ನು ಅಕ್ಕನೇ ಒಗೆದು ಮಡಿಸಿ ಕಳಿಸಿದ್ದ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟರು.

ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದಾದರು. ಪುಟ್ಟಿ ಒಲೆಯ ಮುಂದೆ ಕುಳಿತು, ಖಾಲಿ ಪಾತ್ರೆಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. "ಎಲ್ಲೋ ಒಂದು ಸಲ ಸರಿಯಾಗಿ ಕುದಿಸಿಲ್ಲ ಅನ್ಸುತ್ತೆ ಚಿಕ್ಕಮ್ಮ," ಎಂದಳು, ತಲೆ ಎತ್ತದೆ. "ನಿದ್ದೆಗಣ್ಣಲ್ಲಿ ಇಳಿಸಿಬಿಟ್ಟೆನೋ ಏನೋ."

ಅಕ್ಕ ಅತ್ತಿರಲಿಲ್ಲ. ತಂಗಿಯನ್ನು ಬಾಗಿಲ ಹೊರಗೆ ಕರೆದು ಮೆಲ್ಲನೆ ಕೇಳಿದಳು. "ನೀನು ನೋಡಿದ್ದೆಯಲ್ಲೇ. ಚೆನ್ನಾಗಿದೆ ಅಂದಿದ್ದೆಯಲ್ಲ?"

"ಚೆನ್ನಾಗೇ ಇತ್ತು ಅಕ್ಕ," ಎಂದಳು ಲ್ಯಾಬಮ್ಮ. ಹೇಳಿದ ಮೇಲೆ ಆ ಮಾತು ಅವಳನ್ನು ಮಲಗಲು ಬಿಡಲಿಲ್ಲ.

ಮರುದಿನ ಅವಳು ರಜೆ ಹಾಕಿ, ಕಚೇರಿಯ ಸಣ್ಣ ಬಲೆಯನ್ನೂ ಬಿಳಿ ತಟ್ಟೆಯನ್ನೂ ತಂದು ಕೇರಿಯ ಕೆಳಗಿನ ಹಲಗೆಯ ಮೇಲೆ ನಿಂತಳು. ಎಲ್ಲರೂ ಕೊಡ ತುಂಬುವ ಜಾಗ ಅದು. ಅಲ್ಲಿ ಜೊಂಡು ಸವರಿ ನೀರು ತೆರವಾಗಿತ್ತು. ಬಲೆ ಹಾಕಿದರೆ ಮೀಸೆಯ ಪಾರದರ್ಶಕ ಜೀವಿಗಳು ರಾಶಿ ರಾಶಿ ಬಂದವು. ಎಂದಿನ ಜಾತ್ರೆಯೇ. ಅವಳಿಗೆ ಎದೆ ಹಗುರಾಗಬೇಕಿತ್ತು. ಆದರೆ ತಟ್ಟೆಯನ್ನು ನೋಡುತ್ತ ನೋಡುತ್ತ ಬಲೆಯನ್ನು ಕೆಳಗಿಟ್ಟಳು. ಇವು ನಡುನೀರಿನವು. ಇವುಗಳ ಮನೆ ಇದಲ್ಲ. ದಡದಲ್ಲಿ ಇವಕ್ಕೇನು ಕೆಲಸ?

ಗಾಳಿ ಅವಳ ಮುಖಕ್ಕೇ ಬೀಸುತ್ತಿತ್ತು, ಕೆರೆಯ ನಡುವಿನಿಂದ ದಡದ ಕಡೆಗೆ.

ಸೀರೆ ಎತ್ತಿಕಟ್ಟಿ ಅವಳು ಜೊಂಡಿನೊಳಗೆ ಇಳಿದಳು. ಇಷ್ಟು ವರ್ಷದ ಕೆಲಸದಲ್ಲಿ ಇದೇ ಮೊದಲ ಸಲ ಇಳಿದಿದ್ದು. ಕೆಸರು ಕಾಲನ್ನು ಹಿಡಿದೆಳೆಯಿತು. ನೀರಿಗೆ ಒಂದು ತೆರನಾದ ಘಾಟಿತ್ತು. ಕೈಗೆ ಸಿಕ್ಕ ಗಿಡಗಳನ್ನೆಲ್ಲ ಕಿತ್ತು, ಎಲೆ ಎಲೆಯನ್ನೂ ತಟ್ಟೆಯ ನೀರಿನಲ್ಲಿ ಜಾಲಿಸಿದಳು. ಒಂದು ಹಿಡಿ ಗಿಡಕ್ಕೆ ನೂರಾರು ಗುಂಡನೆಯ ಕಂದು ಜೀವಿಗಳು ಉದುರಬೇಕು. ಒಂದೂ ಉದುರಲಿಲ್ಲ. ಬುಡದ ಕೆಸರನ್ನು ಬೊಗಸೆಯಲ್ಲಿ ಎತ್ತಿ ಸೋಸಿದಳು. ಅಲ್ಲಿದ್ದವು, ಆದರೆ ಬರೀ ಚಿಪ್ಪು. ಒಳಗೆ ಯಾರೂ ಇಲ್ಲದ, ತೆಳ್ಳನೆಯ, ಜೋಡು ಚಿಪ್ಪುಗಳು ತಟ್ಟೆಯ ತುಂಬ ಹೊಟ್ಟಿನಂತೆ ತೇಲಿದವು.

ಜೊಂಡಿನ ಸಂದಿಯಿಂದ ಆಚೆ ದಡದ ಕಾರ್ಖಾನೆಯ ಗೋಡೆ ಕಾಣುತ್ತಿತ್ತು. ಅಲ್ಲಿಂದ ಹೊರಬರುವ ನೀರು ಭಾರದ್ದು. ನಡುಗೆರೆಗೆ ಹೋಗದೆ, ದಡದಂಚಿನ ತಗ್ಗು ಹಿಡಿದು ಸುತ್ತಿ, ಈ ಮೂಲೆಯ ಜೊಂಡಿನೊಳಗೆ ಬಂದು ನಿಲ್ಲುತ್ತಿತ್ತು. ಇಲ್ಲಿಯ ಜೀವಿಗಳಿಗೆ ಎಲೆ ಬಿಟ್ಟರೆ ಬೇರೆ ನೆಲೆಯಿಲ್ಲ, ಇದ್ದಲ್ಲೇ ಸತ್ತಿದ್ದವು. ಗಾಳಿಯೋ, ದಿನಾ ಬೆಳಿಗ್ಗೆ ನಡುನೀರಿನವನ್ನು ಹೊಸದಾಗಿ ತಂದು ಹಲಗೆಯ ಮುಂದೆ ಸುರಿಯುತ್ತಿತ್ತು. ಕೇರಿಯ ಹೆಂಗಸರು ಸೀಸೆ ಎತ್ತಿ ನೋಡುತ್ತಿದ್ದುದು ಅವನ್ನು. ಆಗತಾನೇ ಬಂದ ನೆಂಟರ ಲವಲವಿಕೆ ನೋಡಿ, ಮನೆಯವರು ಕ್ಷೇಮ ಎಂದು ಲ್ಯಾಬಮ್ಮ ಹೇಳಿಬಿಟ್ಟಿದ್ದಳು.

ಹಲಗೆಯ ಬಳಿಯ ನೀರಿನ ಒಂದು ಸೀಸೆಯನ್ನು ಅವಳು ಮನೆಯ ಕಿಟಕಿಯಲ್ಲಿಟ್ಟಳು. ಬೆಳಿಗ್ಗೆ ಜಿಗಿಯುತ್ತಿದ್ದವು ಸಂಜೆಯ ಹೊತ್ತಿಗೆ ತಳದಲ್ಲಿ ಬಿದ್ದಿದ್ದವು. ಸಂಜೆಯ ನೀರನ್ನು ಕೇರಿಯಲ್ಲಿ ಯಾರೂ ಬೆಳಕಿಗೆ ಹಿಡಿದವರಿಲ್ಲ. ಹಿಡಿಯಿರಿ ಎಂದು ಅವಳೂ ಹೇಳಿರಲಿಲ್ಲ.

ಕಚೇರಿಯಲ್ಲಿ ನಡುನೀರು ಬಿಟ್ಟು ಬೇರೆ ನೀರು ಪರೀಕ್ಷೆಗೆ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಜೊಂಡಿನ ನೀರನ್ನೂ ಅಕ್ಕನ ಮನೆಯ ಕೊಡದ ನೀರನ್ನೂ ಡಾಕ್ಟರಮ್ಮನಿಗೆ ಒಯ್ದು ಕೊಟ್ಟಳು. ಪರೀಕ್ಷೆ ಮಾಡಿಸಿ ಡಾಕ್ಟರಮ್ಮ ಅವಳನ್ನು ಕರೆಸಿ ಕೂರಿಸಿಕೊಂಡಳು.

"ಅಡುಗೆ ಉಪ್ಪಲ್ಲ, ಬಟ್ಟೆಗೆ ಬಣ್ಣ ಹಿಡಿಸೋಕೆ ಬಳಸ್ತಾರಲ್ಲ, ನೈಟ್ರೈಟ್ ಅಂತ, ಆ ಉಪ್ಪು ಇದು. ಎರಡು ನೀರಲ್ಲೂ ಇದೆ. ದೊಡ್ಡವರಿಗೆ ಅಷ್ಟಾಗಿ ಗೊತ್ತಾಗಲ್ಲ. ಎಳೆ ಮಕ್ಕಳ ರಕ್ತ ತಡೆಯಲ್ಲ. ಉಸಿರು ಹೊರೋ ಶಕ್ತಿನೇ ಹೋಗಿಬಿಡುತ್ತೆ."

"ಕುದಿಸಿದ್ರೆ?"

"ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಉಪ್ಪು ಎಲ್ಲಿಗಮ್ಮ ಹೋಗುತ್ತೆ? ನೀರು ಆವಿಯಾಗಿ ಉಪ್ಪು ಅಷ್ಟೂ ಪಾತ್ರೇಲೇ ಉಳಿಯುತ್ತೆ. ಅರ್ಧಕ್ಕೆ ಇಳಿಸಿದ್ರೆ ಎರಡರಷ್ಟಾಗುತ್ತೆ." ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದಳು. "ಅವತ್ತು ಆ ಹುಡುಗಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಕೇರಿಯಲ್ಲಿ ಬೇರೆ ಎಳೆ ಮಕ್ಕಳಿದಾವಾ?"

ಒಂದಿತ್ತು. ಅಕ್ಕನ ಮನೆಯಿಂದ ಎರಡನೇ ಬಾಗಿಲು, ಹೊಲಿಗೆಯವಳ ಕೂಸು. ಅದೂ ಡಬ್ಬಿ ಹಾಲಿನದೇ.

ಕೇರಿಗೆ ಹೋಗುವ ದಾರಿಯಲ್ಲೇ ಅವಳು ಕಚೇರಿಗೆ ಹೊಕ್ಕು, ಚಿಪ್ಪು ತುಂಬಿದ ತಟ್ಟೆಯನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಸಾಹೇಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಅಲ್ಲಿ ಬಲೆ ಹಾಕಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸಾರ್. ಇಷ್ಟು ದಿನ ಯಾರೂ ಹೇಳದೆ ಇದ್ದದ್ದಕ್ಕೇ ಹೀಗಾಯ್ತು."

"ಕೂತ್ಕೊಳ್ಳಿ." ಅವರ ದನಿ ಗಡುಸಾಗಿರಲಿಲ್ಲ. "ನಿಮ್ಮ ಮನೇಲಿ ಆದ ವಿಷಯ ಕೇಳಿದೆ. ನನಗೂ ಮೊಮ್ಮಕ್ಕಳಿದಾರಮ್ಮ. ಆದ್ರೆ ನಮ್ಮ ಕೆಲಸ ಪೈಪಿಗೆ ಹೋಗೋ ನೀರು ನೋಡೋದು. ಪಟ್ಟಣ ಪೂರ್ತಿ ಅದನ್ನೇ ಕುಡಿಯುತ್ತೆ, ಅದು ಚೆನ್ನಾಗಿದೆ. ನಾವು ಸುಳ್ಳು ಬರೆದಿಲ್ಲ."

"ಸುಳ್ಳು ಬರೆದಿಲ್ಲ ಸಾರ್. ಸೀಸೆ ಮೇಲೆ ಕೆರೆ ಅಂತ ಬರೆದ್ವಿ."

ಸಾಹೇಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮುಂದಕ್ಕೆ ಬಾಗಿ ಹೇಳಿದರು. "ಮೂಲೆ ಕೆಟ್ಟಿದೆ ಅಂತ ನೀವು ಬರೆದ್ರೆ ಮೊದಲು ಏನಾಗುತ್ತೆ ಗೊತ್ತಾ? ಕಾರ್ಖಾನೆ ಮುಚ್ಚಲ್ಲ. ಕೇರಿ ಎತ್ತಿಸ್ತಾರೆ. ವಾಸಕ್ಕೆ ಯೋಗ್ಯವಲ್ಲ ಅಂತ ಒಂದು ಬೋರ್ಡು ನೆಟ್ಟರೆ ಮುಗೀತು. ನಿಮ್ಮ ಅಕ್ಕನ ಮನೆಯೂ ಹೋಗುತ್ತೆ, ನಿಮ್ಮ ಭಾವನ ಕೆಲಸವೂ ಹೋಗುತ್ತೆ. ಅದು ಬೇಕಾ ನಿಮಗೆ? ಆ ಜನ ಕುಡಿಯೋಕೆ ಬೇರೆ ಕಡೆಯಿಂದ ನೀರು ತರಬಹುದಲ್ಲ."

"ಎಲ್ಲಿಂದ ಸಾರ್?"

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಕೇರಿ ಎತ್ತಿಸುತ್ತಾರೆ ಎಂದು ಅವರು ಹೇಳಿದ್ದು ಹೆದರಿಸಲು ಮಾತ್ರ ಹೇಳಿದ್ದಲ್ಲ, ಅಂಥದು ನಡೆಯುವುದನ್ನು ಇಬ್ಬರೂ ಕಂಡವರೇ. ಅವಳು ತನ್ನ ಜಾಗಕ್ಕೆ ಹೋಗಿ, ಶೆಲ್ಫಿನಲ್ಲಿದ್ದ ಸೀಸೆಯ ಚೀಟಿ ಕಿತ್ತು 'ನಡುನೀರು' ಎಂದು ಬರೆದು ಅಂಟಿಸಿದಳು. ಪಕ್ಕದಲ್ಲಿ ಇನ್ನೊಂದು ಸೀಸೆ ಇಟ್ಟು 'ಜೊಂಡು' ಎಂದು ಬರೆದಳು. ವರದಿಯಲ್ಲಿ ಎರಡನ್ನೂ ಕಾಣಿಸಿ, ಡಾಕ್ಟರಮ್ಮ ಕೊಟ್ಟ ಕಾಗದ ಸೇರಿಸಿ, ಕೆಳಗೆ ಸಹಿ ಮಾಡಿದಳು. ಸಾಹೇಬರು ಅದನ್ನು ಹರಿಯಲಿಲ್ಲ. "ನಿಮ್ಮ ಜವಾಬ್ದಾರಿ ಮೇಲೆ ಹೋಗಲಿ," ಎಂದು ಪಕ್ಕಕ್ಕಿಟ್ಟರು.

ವರದಿ ಮೇಲಿನವರ ಕಣ್ಣಿಗೆ ಬೀಳಲು ಎಷ್ಟು ಕಾಲ ಬೇಕೋ. ಹೊಲಿಗೆಯವಳ ಕೂಸು ಅಷ್ಟು ಹೊತ್ತು ಹಾಲು ಕುಡಿಯದೆ ಇರುವುದೆ?

ಅವಳು ಕೇರಿಗೆ ಬಂದಾಗ ಅಕ್ಕನೂ ಭಾವನೂ ಹಿತ್ತಿಲಲ್ಲಿ, ಒಣಗಿದ ಬಟ್ಟೆಗಳ ನಡುವೆ ಇದ್ದರು. ಅವಳು ಎಲ್ಲವನ್ನೂ ಹೇಳಿದಳು. ಗಾಳಿಗೆ ಬಂದವುಗಳನ್ನು ನೋಡಿ ತಾನು ನೀರು ಒಳ್ಳೆಯದೆಂದದ್ದು, ಜೊಂಡಿನೊಳಗೆ ಸತ್ತುಬಿದ್ದದ್ದು, ಉಪ್ಪು, ಕುದಿಸಿದರೆ ಅದು ಹೆಚ್ಚುವುದು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುವಷ್ಟು ಹೊತ್ತು ಅಕ್ಕ ಒಂದು ಹಾಸಿಗೆ ಬಟ್ಟೆಯ ಅಂಚನ್ನು ಕೈಯಲ್ಲಿ ಸುತ್ತುತ್ತಲೇ ಇದ್ದಳು.

"ನಿನ್ನ ಮಾತು ನಂಬಿ ತುಂಬಿಸಿಕೊಂಡೆ," ಎಂದಳು ಕೊನೆಗೆ. ಅಷ್ಟೇ. ಬೈದಿದ್ದರೆ ಲ್ಯಾಬಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಭಾವ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ಅವನದು ಹೊರಗಾಲುವೆಯ ಗೇಟು. ತೊಟ್ಟಿ ತುಂಬಿದಾಗ ಚಕ್ರ ತಿರುಗಿಸಿ ನೀರು ಬಿಡುವುದೇ ಅವನ ಕೆಲಸ.

"ಆ ಚಕ್ರ ತಿರುಗಿಸಿದ್ದು ನಾನೇ ಕಣಮ್ಮ," ಎಂದ. "ನಾಳೆ ನಾನು ತಿರುಗಿಸಲ್ಲ ಅಂದ್ರೆ ಇನ್ನೊಬ್ಬ ಬಂದು ತಿರುಗಿಸ್ತಾನೆ. ಈ ಕೇರೀಲಿ ಅರ್ಧ ಮನೆ ಅಲ್ಲಿಯ ಸಂಬಳದಲ್ಲಿ ಉಣ್ಣುತ್ತೆ. ಯಾರ ಹತ್ರ ಹೋಗಿ ಏನಂತ ಹೇಳಲಿ?"

"ಅದು ಆಮೇಲೆ ನೋಡೋಣ ಭಾವ. ಮೊದಲು ಹೊಲಿಗೆಯವಳಿಗೆ ಹೇಳಬೇಕು. ಆ ಕೂಸು..."

"ಹೇಳು. ನೀರು ಕೆಟ್ಟಿದೆ ಅಂತ ಹೇಳು. ಆದ್ರೆ ಆ ಕುದಿಸೋ ಮಾತು ಎತ್ತಬೇಡ." ಭಾವ ಒಳಗೆ ನೋಡಿ ದನಿ ತಗ್ಗಿಸಿದ. "ಕೇರಿ ಅಂದ್ಮೇಲೆ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುತ್ತೆ. ಪುಟ್ಟಿ ಕಿವಿಗೆ ಬಿದ್ರೆ ಅವಳು ಉಳಿಯಲ್ಲ. ಸರಿಯಾಗಿ ಕುದಿಸಿಲ್ಲ ಅಂತಾನೇ ಹೀಗಾಗಿದಾಳೆ. ಕುದಿಸಿದ್ದೇ ತಪ್ಪು ಅಂತ ಗೊತ್ತಾದ್ರೆ? ನಿನಗೂ ಅವಳು ಮಗಳಿದ್ದ ಹಾಗೆ ತಾನೆ?"

ಲ್ಯಾಬಮ್ಮ ಹೂಂ ಎಂದಳು. ಹೂಂ ಎನ್ನದೆ ಇರಲು ಅವಳ ಕೈಯಲ್ಲಾಗಲಿಲ್ಲ. ಅಕ್ಕ ಅವಳ ಹಿಂದೆ ಹೊರಟಳು.

ಹೊಲಿಗೆಯವಳು ಮೆಷಿನ್ನಿನ ಮುಂದೆ ಕುಳಿತು ಶಾಲೆ ಮಕ್ಕಳ ಅಂಗಿಗೆ ಗುಂಡಿ ಕೂರಿಸುತ್ತಿದ್ದಳು. ಕೂಸು ಹಿಂದಿನ ಜೋಲಿಯಲ್ಲಿ ಮಲಗಿತ್ತು. ಒಲೆಯ ಮೇಲೆ ನೀರಿಗಿಟ್ಟಿದ್ದಳು. ಲ್ಯಾಬಮ್ಮನನ್ನು ನೋಡಿ ಎದ್ದು ಸ್ಟೂಲು ಎಳೆದಳು.

"ಬನ್ನಿ ಬನ್ನಿ. ಬೆಳಿಗ್ಗೆ ನೋಡಿದೆ, ಸೀಸೆ ತುಂಬ ಇದ್ವು. ನಮ್ಮ ನೀರಿಗೆ ಏನೂ ಆಗಿಲ್ಲ ಅಲ್ವಾ?"

"ಆಗಿದೆ," ಎಂದಳು ಲ್ಯಾಬಮ್ಮ. "ಸೀಸೆ ನೋಡಿ ಹೇಳೋದು ತಪ್ಪು. ನಾನು ಹೇಳಿಕೊಟ್ಟಿದ್ದೇ ತಪ್ಪು. ಆ ನೀರಲ್ಲಿ ವಿಷ ಇದೆ. ಕೂಸಿಗೆ ಕೊಡಬೇಡಿ."

ಹೊಲಿಗೆಯವಳ ಮುಖ ಬಿಳಿಚಿಕೊಂಡಿತು. ಅಕ್ಕನ ಕಡೆ ನೋಡಿದಳು, ಮತ್ತೆ ಜೋಲಿಯ ಕಡೆ ನೋಡಿದಳು. "ಅಯ್ಯೋ ದೇವರೇ. ನಲ್ಲಿ ಬಂದು ಮೂರು ದಿನ ಆಯ್ತಲ್ಲ, ಈಗ ಏನ್ಮಾಡೋದು? ಎದ್ದರೆ ಹಾಲು ಹಾಲು ಅಂತ ಕಿರುಚುತ್ತೆ." ಅವಳು ಗಡಬಡಿಸಿ ಒಲೆಯ ಉರಿ ದೊಡ್ಡದು ಮಾಡಿದಳು. "ಇರಲಿ, ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕುದಿಸಿಬಿಡ್ತೀನಿ. ಚೆನ್ನಾಗಿ ಕುದ್ದರೆ ಎಂಥ ವಿಷವಾದ್ರೂ ಹೋಗುತ್ತೆ ಅಲ್ವಾ?"

ಲ್ಯಾಬಮ್ಮ ಬಾಯಿ ತೆರೆದಳು. ಭಾವನಿಗೆ ಹೂಂ ಎಂದದ್ದು ನೆನಪಾಯಿತು. ಒಲೆಯ ಮೇಲೆ ನೀರು ಗುಳುಗುಳು ಎನ್ನುತ್ತಿತ್ತು. ಹಿಂದಿನಿಂದ ಅಕ್ಕನ ಕೈ ಬಂದು ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು. ಹೇಳು ಎಂದೋ, ಬೇಡ ಎಂದೋ ತಿಳಿಯಲಿಲ್ಲ. ಅಕ್ಕನಿಗೂ ತಿಳಿದಿರಲಿಕ್ಕಿಲ್ಲ.

"ಹೋಗಲ್ಲ," ಎಂದಳು ಲ್ಯಾಬಮ್ಮ. "ಕುದಿಸಿದ್ರೆ ಹೋಗಲ್ಲ. ಕುದಿಸಿದ್ರೆ..."

"ಹೆಚ್ಚಾಗುತ್ತೆ."

ಹೇಳಿದ್ದು ಪುಟ್ಟಿ. ಅವಳು ಯಾವಾಗ ಬಂದು ಹೊಸ್ತಿಲ ಬಳಿ ನಿಂತಿದ್ದಳೋ. ಹಿತ್ತಿಲಿಗೂ ಅವಳು ಕುಳಿತಿದ್ದ ಒಲೆಗೂ ನಡುವೆ ಇದ್ದುದು ಒಂದು ತಗಡಿನ ಬಾಗಿಲು ಮಾತ್ರ. ಅಲ್ಲಿ ಆಡಿದ ಒಂದು ಮಾತೂ ಅವಳಿಗೆ ಕೇಳದೆ ಉಳಿದಿರಲಿಲ್ಲ.

"ಪುಟ್ಟೀ," ಎಂದು ಅಕ್ಕ ಕೈಚಾಚಿದಳು. ಪುಟ್ಟಿ ಅವಳನ್ನು ದಾಟಿ ಒಳಗೆ ಬಂದಳು. ಸೆರಗಿನಲ್ಲಿ ಕುದಿಯುವ ಪಾತ್ರೆಯ ಕಿವಿ ಹಿಡಿದು ಇಳಿಸಿ, ಬಾಗಿಲಿಗೆ ಒಯ್ದು ಚರಂಡಿಗೆ ಪೂರ್ತಿ ಸುರಿದಳು. ಹಬೆ ಅವಳ ಮುಖವನ್ನೆಲ್ಲ ಮುಚ್ಚಿತು. ಖಾಲಿ ಪಾತ್ರೆಯನ್ನು ನೆಲದ ಮೇಲಿಟ್ಟು, ಹೊಲಿಗೆಯವಳ ಕಡೆ ತಿರುಗಿದಳು.

"ಕುದಿಸಬೇಡಿ ಅಕ್ಕಾ," ಎಂದಳು. "ನಾನು ತುಂಬಾ ಚೆನ್ನಾಗಿ ಕುದಿಸ್ತಿದ್ದೆ."

ಪುಟ್ಟಿ ಜೋಲಿಯ ಬಳಿ ಹೋಗಿ, ಮಲಗಿದ್ದ ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದಳು. ತುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದಳು. ಒಂದೊಂದೇ ಉಗುರು ನೋಡಿದಳು. ಕಿವಿಯ ಅಂಚು ಮಡಿಸಿ ನೋಡಿದಳು. ತನ್ನ ಕೂಸಿನಲ್ಲಿ ಯಾವ ಯಾವ ಜಾಗದಲ್ಲಿ ಬಣ್ಣ ತಿರುಗಿತ್ತೋ ಅವಷ್ಟನ್ನೂ ನೋಡಿದಳು.

"ಕೆಂಪಗಿದೆ," ಎಂದಳು. "ಇನ್ನೂ ಕೆಂಪಗಿದೆ ಚಿಕ್ಕಮ್ಮ."

ಲ್ಯಾಬಮ್ಮ ಗೋಡೆಗೆ ಒರಗಿ ಅತ್ತುಬಿಟ್ಟಳು. ಆಸ್ಪತ್ರೆಯಲ್ಲೂ, ಮಣ್ಣು ಮಾಡುವಾಗಲೂ ಬಾರದ ಅಳು ಅದು. ಅಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ, ದೂರವೂ ಹೋಗಲಿಲ್ಲ. ಅವಳ ರಟ್ಟೆಯ ಮೇಲಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ. "ಮುಂದಿನ ಮನೆಗೂ ಹೇಳಬೇಕಲ್ಲ, ಕಣ್ಣೊರೆಸಿಕೊಂಡು ಬಾ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ನೀನೊಬ್ಬಳೇ ಹೇಳಿದ್ರೆ ಯಾರೂ ನಂಬಲ್ಲ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಕೂಸಿಗೆ ಎಚ್ಚರವಾಗಿ, ಗೊತ್ತಿಲ್ಲದ ಮುಖವನ್ನು ಪಿಳಿಪಿಳಿ ನೋಡಿ, ಅಳಲು ಮುಖ ಸೊಟ್ಟ ಮಾಡಿತು. ಪುಟ್ಟಿ ಹೊಸ್ತಿಲ ಮೇಲೆ ಕುಳಿತು ಕಾಲು ಚಾಚಿ, ಅದನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗತೊಡಗಿದಳು. ಹೊಲಿಗೆಯವಳು ಅದನ್ನು ವಾಪಸು ಕೇಳಲಿಲ್ಲ. ಮೂಲೆಯಲ್ಲಿದ್ದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಆಸ್ಪತ್ರೆಯ ಪೈಪಿನ ನೀರಿನ ತೊಟ್ಟಿಯಿಂದಾದರೂ ತರ್ತೀನಿ, ನೀನು ನೋಡ್ಕೊಂಡಿರು," ಎಂದು ಅವಳಿಗೆ ಹೇಳಿ, ಏರು ಹತ್ತಿ ನಡೆದಳು.